ಗಣಕ ಪರಿಚಯ: ಅಂಕಿಯ ಹಿಂದಿನ ಹೆಸರು

ಪಾಪಿರೆಡ್ಡಿಪಟ್ಟಿಯಲ್ಲಿ ಹುಣಸೆಹಣ್ಣಿನ ಮಂಡಿ ನಡೆಸುವ ವರ್ತಕರೊಬ್ಬರನ್ನು ಊಹಿಸಿಕೊಳ್ಳಿ. ತೂಕದ ಯಂತ್ರಕ್ಕೆಂದು ಬೆಂಗಳೂರಿನ ವ್ಯಾಪಾರಿಗೆ ಮುಂಗಡ ಕೊಟ್ಟಿದ್ದಾರೆ, ಬಾಕಿ ಎರಡು ಲಕ್ಷ ಸಂದಾಯವಾಗಬೇಕು. ಅಷ್ಟರಲ್ಲಿ ಇಮೇಲ್ ಬರುತ್ತದೆ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ದಯವಿಟ್ಟು ಹಣವನ್ನು ಹೊಸ ಖಾತೆಗೆ ಇಂದೇ ಹಾಕಿ." ಲೆಟರ್‌ಹೆಡ್ ಅದೇ, ಸಹಿ ಅದೇ, ಕಳಿಸಿದವರ ಹೆಸರೂ ಅದೇ. ಹಣ ಹಾಕಬಹುದೇ?

ಇಮೇಲಿನ ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಆ ಪತ್ರವನ್ನು ತಂದುಕೊಟ್ಟ ಗಣಕದ ಅಂಕಿಯ ವಿಳಾಸವನ್ನು ಅಡಗಿಸುವುದು ಅಷ್ಟು ಸುಲಭವಲ್ಲ. ಆ ಅಂಕಿಯಿಂದ ಗಣಕದ ಹೆಸರನ್ನು ಕಂಡುಹಿಡಿಯುವ ಬಗೆಯನ್ನು ಈ ತಿಂಗಳು ನೋಡೋಣ.

ಅಂತರಜಾಲದಲ್ಲಿ ಗಣಕಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. 198.41.0.4 ಎಂಬಂತೆ ನಾಲ್ಕು ಭಾಗ, ಪ್ರತಿ ಭಾಗವೂ 0ಯಿಂದ 255ರವರೆಗೆ. ಒಟ್ಟು ಸುಮಾರು 429 ಕೋಟಿ ವಿಳಾಸಗಳಾಗುತ್ತವೆ. ಅವು ಸಾಲದೆ ಇನ್ನೂ ಉದ್ದದ ವಿಳಾಸಗಳೂ ಬಂದಿವೆ. ಮನುಷ್ಯರಿಗೆ ಅಂಕಿ ನೆನಪಿರದು, ಹೆಸರು ಬೇಕು. ಮೊದಮೊದಲು ಎಲ್ಲ ಗಣಕಗಳ ಹೆಸರನ್ನೂ ಅಮೆರಿಕದ ಒಂದೇ ಸಂಸ್ಥೆಯಲ್ಲಿ ಒಂದೇ ಪಟ್ಟಿಯಾಗಿ ಇಟ್ಟಿದ್ದರು. ಗಣಕಗಳು ಹೆಚ್ಚಿ ಪಟ್ಟಿ ನಿಭಾಯಿಸಲಾಗದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬುವರು ಹೆಸರುಗಳ ಲೆಕ್ಕವನ್ನು ಅವರವರ ಬಳಿಯೇ ಇಡುವ ಏರ್ಪಾಟನ್ನು ರೂಪಿಸಿದರು. ಹೆಸರು ಹೇಳಿದರೆ ಅಂಕಿ ಸಿಗುತ್ತದೆ. ಅಂಕಿ ಹೇಳಿದರೆ ಹೆಸರು ಸಿಗಲು ಬೇರೊಂದು ಲೆಕ್ಕ ಇದೆ.

ಈ ಎರಡನೆಯ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ಅಂಕಿಯನ್ನು ಹಿಂದುಮುಂದಾಗಿ ಬರೆಯಬೇಕು. 198.41.0.4 ಎಂಬುದು 4.0.41.198 ಆಗಿ, ಕೊನೆಗೆ "ಇನ್-ಅಡ್ರ್.ಆರ್ಪಾ" ಎಂಬ ಬಾಲ ಸೇರುತ್ತದೆ. ಕಾರಣ ತಿಳಿಯಲು ಅಂಚೆ ಲಕೋಟೆಯನ್ನು ನೋಡಿದರೆ ಸಾಕು. ವಿಳಾಸ ಬರೆಯುವಾಗ ನಾವು ಮೊದಲು ವ್ಯಕ್ತಿ, ಆಮೇಲೆ ಬೀದಿ, ಊರು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಪಿನ್ ಕೋಡ್ ಮಾತ್ರ ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದೆ. ಪಾಪಿರೆಡ್ಡಿಪಟ್ಟಿಯ ಪಿನ್ ಕೋಡಿನಲ್ಲಿ ಮೊದಲ 6 ಎಂದರೆ ತಮಿಳುನಾಡು-ಕೇರಳದ ಕಡೆ, 636 ಎಂದರೆ ಸೇಲಂ ಗುಂಪು, ಉಳಿದ ಮೂರು ಅಂಕಿ ಅಂಚೆ ಕಚೇರಿ. ಗಣಕದ ಹೆಸರು ಲಕೋಟೆಯ ಕ್ರಮದ್ದು, ಗಣಕದ ಅಂಕಿ ಪಿನ್ ಕೋಡಿನ ಕ್ರಮದ್ದು. ಎರಡನ್ನೂ ಒಂದೇ ಕ್ರಮದಲ್ಲಿ ಹುಡುಕಬೇಕಾದ್ದರಿಂದ ಅಂಕಿಯನ್ನು ತಿರುಗಿಸುತ್ತಾರೆ.

ಪಿನ್ ಕೋಡ್ ಇನ್ನೊಂದು ಪಾಠವನ್ನೂ ಹೇಳುತ್ತದೆ. ಧರ್ಮಪುರಿ 1965ರಲ್ಲೇ ಸೇಲಂನಿಂದ ಬೇರೆಯಾಗಿ ಜಿಲ್ಲೆಯಾಯಿತು. ಆದರೂ 1972ರಲ್ಲಿ ಬಂದ ಪಿನ್ ಕೋಡ್ ಈ ಸೀಮೆಯನ್ನು ಸೇಲಂನ ಗುಂಪಿಗೇ ಸೇರಿಸಿತು. ಅಂಕಿ ತೋರಿಸುವುದು ಚೀಲ ಸಾಗುವ ದಾರಿಯನ್ನು, ಜಿಲ್ಲಾಧಿಕಾರಿಯ ಗಡಿಯನ್ನಲ್ಲ. ಜಾಲದ ಅಂಕಿಯೂ ಹಾಗೆಯೇ. ಸಿಕ್ಕ ಹೆಸರಿನಲ್ಲಿ ಚೆನ್ನೈ ಎಂದಿದ್ದ ಮಾತ್ರಕ್ಕೆ ಬರೆದವನು ಚೆನ್ನೈಯಲ್ಲಿ ಕುಳಿತಿದ್ದಾನೆ ಎನ್ನುವಂತಿಲ್ಲ.

ಪ್ರಯೋಗ ಮಾಡಿ ನೋಡುವವರು ವಿಂಡೋಸ್ ಗಣಕದಲ್ಲಿ ಸ್ಟಾರ್ಟ್ ಒತ್ತಿ, ಸಿ, ಎಂ, ಡಿ ಎಂದು ಟೈಪ್ ಮಾಡಿ ಕಪ್ಪು ಪರದೆ ತೆರೆಯಿರಿ. ಅದರಲ್ಲಿ ಎನ್, ಎಸ್, ಎಲ್, ಓ, ಓ, ಕೆ, ಯು, ಪಿ ಎಂಬ ಎಂಟು ಅಕ್ಷರಗಳನ್ನು ಕೂಡಿಸಿ ಬರೆದು, ಸ್ವಲ್ಪ ಜಾಗ ಬಿಟ್ಟು 198.41.0.4 ಎಂದು ಕೊಡಿ. ತಿರುಗಿಸುವ ಕೆಲಸವನ್ನು ಗಣಕವೇ ಮಾಡಿಕೊಳ್ಳುತ್ತದೆ. ಮೇಲೆ ಬರುವ ಎರಡು ಸಾಲುಗಳನ್ನು ಉತ್ತರವೆಂದು ತಿಳಿಯಬೇಡಿ, ಅವು ನಿಮಗಾಗಿ ವಿಚಾರಿಸಿದ ಯಂತ್ರದ ಗುರುತು. ಕೆಳಗೆ "ಎ.ರೂಟ್-ಸರ್ವರ್ಸ್.ನೆಟ್" ಎಂದು ಬರುತ್ತದೆ. ಇಡೀ ಅಂತರಜಾಲದ ಹೆಸರುಗಳಿಗೆ ಬೇರಿನಂತಿರುವ ಗಣಕಗಳಲ್ಲಿ ಅದು ಒಂದು. ಕೆಲವು ಅಂಕಿಗಳಿಗೆ ಹೆಸರೇ ಇರುವುದಿಲ್ಲ, ಅದರಿಂದ ಗಾಬರಿಯಾಗಬೇಕಿಲ್ಲ. ಆ ಅಂಕಿಯ ಗುಂಪನ್ನು ಯಾವ ಸಂಸ್ಥೆಗೆ ಹಂಚಿದ್ದಾರೆಂಬುದು ನೋಂದಣಿಯಲ್ಲಿ ಸಿಗುತ್ತದೆ. ನಮ್ಮ ದೇಶದಲ್ಲಿ ಐ.ಆರ್.ಐ.ಎನ್.ಎನ್. ಎಂಬ ನೋಂದಣಿ ಸಂಸ್ಥೆ 2012ರಿಂದ ಈ ಕೆಲಸ ಮಾಡುತ್ತಿದೆ.

ಈಗ ವರ್ತಕರ ಪತ್ರಕ್ಕೆ ಬರೋಣ. ಜಿಮೇಲ್‌ನಲ್ಲಾದರೆ ಪತ್ರದ ಬದಿಯ ಮೂರು ಚುಕ್ಕೆ ಒತ್ತಿ "ಶೋ ಒರಿಜಿನಲ್" ಆರಿಸಿದರೆ ಅದರ ಪೂರ್ತಿ ಜಾತಕ ಕಾಣುತ್ತದೆ. "ರಿಸೀವ್ಡ್" ಎಂದು ಆರಂಭವಾಗುವ ಸಾಲುಗಳು ಅಂಚೆಯ ಮೊಹರಿನಂತೆ. ನಿಮ್ಮ ಇಮೇಲ್ ಕಂಪೆನಿಯು ಹೊರಗಿನವರಿಂದ ಪತ್ರ ಪಡೆದಾಗ ಒತ್ತಿದ ಮೊಹರನ್ನು ಮಾತ್ರ ನಂಬಿ. ಅದರ ಕೆಳಗಿನವನ್ನು ವಂಚಕನೇ ಮೊದಲೇ ಬರೆದಿಟ್ಟಿರಬಹುದು. ಆ ಸಾಲಿನಲ್ಲಿ ಕಳಿಸಿದ ಗಣಕ ತಾನಾಗಿ ಹೇಳಿಕೊಂಡ ಹೆಸರು ಒಂದಿರುತ್ತದೆ, ಪಕ್ಕದಲ್ಲಿ ಅಂಕಿ ಇರುತ್ತದೆ.

ಅಂಕಿಗೆ ಸಿಕ್ಕ ಹೆಸರನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ, ಏಕೆಂದರೆ ಅದನ್ನು ಬರೆಯುವ ಅಧಿಕಾರ ಆ ಅಂಕಿಯ ಒಡೆಯನದು. ಅವನು ಮನಸ್ಸು ಮಾಡಿದರೆ ಅಲ್ಲಿ ಯಾವುದೋ ಬ್ಯಾಂಕಿನ ಹೆಸರನ್ನೇ ಬರೆದಿಡಬಹುದು. ಬೇರೆಯವರ ಅಂಗಡಿಯ ಹೆಸರಿನ ಬೋರ್ಡನ್ನು ತನ್ನ ಗೋಡೆಗೆ ಹೊಡೆದಂತೆ! ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಸಿಕ್ಕ ಹೆಸರನ್ನು ಅದೇ ಕಪ್ಪು ಪರದೆಗೆ ಕೊಟ್ಟು, ಇದರ ಅಂಕಿ ಯಾವುದೆಂದು ವಿಚಾರಿಸಿ. ಆ ಉತ್ತರ ಬರೆಯುವ ಅಧಿಕಾರ ಹೆಸರಿನ ಒಡೆಯನದು. ಎರಡು ಕಡೆಯ ಖಾತೆ ತಾಳೆಯಾದರೆ ಹೆಸರು ನಿಜ. ಹೋಗುವಾಗ ಒಂದು ಅಂಕಿ, ಬರುವಾಗ ಇನ್ನೊಂದು ಬಂದರೆ ಹೆಸರನ್ನು ನಂಬುವಂತಿಲ್ಲ.

ತಾಳೆಯಾದ ಮಾತ್ರಕ್ಕೆ ಹಣ ಹಾಕಿ ಎಂದು ಹೇಳಲಾರೆ. ವಂಚಕ ಸರಿಯಾದ ಹೆಸರಿನ ಗಣಕವನ್ನೇ ಬಾಡಿಗೆಗೆ ಪಡೆದಿರಬಹುದು. ಅದಕ್ಕಿಂತ ಅಪಾಯವೆಂದರೆ ಆ ಯಂತ್ರದ ವ್ಯಾಪಾರಿಯ ಪಾಸ್‌ವರ್ಡನ್ನೇ ಕದ್ದು, ಅವರ ಪೆಟ್ಟಿಗೆಯಿಂದಲೇ ಪತ್ರ ಬರೆದಿರುವುದು. ಆಗ ಅಂಕಿ, ಹೆಸರು, ಮೊಹರು ಎಲ್ಲವೂ ಸರಿಯಾಗಿಯೇ ಇರುತ್ತವೆ, ಖಾತೆ ಮಾತ್ರ ಕಳ್ಳನದು. ಪತ್ರದಲ್ಲಿರುವ ಫೋನ್ ನಂಬರಿಗಲ್ಲ, ನಿಮ್ಮ ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ, ಪರಿಚಯದ ಧ್ವನಿಯಿಂದ ಕೇಳಿ ತಿಳಿದುಕೊಳ್ಳಿ. ಹಣ ಹೋಗಿಬಿಟ್ಟಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಪತ್ರವನ್ನು ಅಳಿಸಬಾರದು. ಈಗ ನೂರಾರು ಗ್ರಾಹಕರು ಒಂದೇ ಅಂಕಿಯನ್ನು ಹಂಚಿಕೊಳ್ಳುವುದುಂಟು. ಹಾಗಾಗಿ ಪೊಲೀಸರಿಗೆ ಅಂಕಿಯ ಜೊತೆಗೆ ತಾರೀಖು, ಗಂಟೆ, ನಿಮಿಷ, ಸೆಕೆಂಡುಗಳೂ ಬೇಕಾಗುತ್ತವೆ.

ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡಿರುವ ಅಂಗಡಿಗಳಿಗೂ ಒಂದು ಮಾತು. 2024ರ ಫೆಬ್ರವರಿಯಿಂದ ಗೂಗಲ್ ಕಂಪೆನಿಯು ಪತ್ರ ಕಳಿಸುವ ಗಣಕಕ್ಕೆ ಎರಡು ಕಡೆಯ ಲೆಕ್ಕವೂ ಸರಿಯಿರಬೇಕೆಂದು ನಿಯಮ ಮಾಡಿದೆ. ನಿಮ್ಮ ಬಿಲ್ಲುಗಳು ಗಿರಾಕಿಯ ಸ್ಪಾಮ್ ಪೆಟ್ಟಿಗೆಗೆ ಬೀಳುತ್ತಿದ್ದರೆ ಇದನ್ನೂ ಪರೀಕ್ಷಿಸಿ. ಅಂಕಿಗೆ ಹೆಸರು ಬರೆಸಲು ಅರ್ಜಿ ಕೊಡಬೇಕಾದ್ದು ಹೆಸರು ಮಾರಿದವರಿಗಲ್ಲ, ಅಂಕಿ ಕೊಟ್ಟ ಇಂಟರ್‌ನೆಟ್ ಕಂಪೆನಿಗೆ.