ಜೋರು ಹುಟ್ಟುವುದು ಮಿಕ್ಸಿಂಗಿನಲ್ಲಿ

ಯರಗುಪ್ಪಿ ಕಡೆ ಭಜನಾ ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುವ ಗೆಳೆಯರಿಗೆ ಒಂದು ಮಾತು.

ಸೌಂಡ್ ಜೋರಾಗಲಿ ಅಂತ ಕೊನೆಗೆ ಲಿಮಿಟರ್ ಹಾಕಿ ಒತ್ತಿಬಿಡುವುದು ಸುಲಭ. ಆದರೆ ತಬಲಾದ ಪೆಟ್ಟು ಸಾಯುತ್ತದೆ, ತಾಳದ ಸದ್ದು ಕರ್ಕಶವಾಗುತ್ತದೆ. ಲಾಭವೂ ಇಲ್ಲ ನೋಡ್ರಿ! ಸುಮಾರು -14 ಎಲ್‌ಯುಎಫ್‌ಎಸ್ ಅನ್ನೋ ಅಳತೆಗಿಂತ ಜೋರಿದ್ದರೆ ಯೂಟ್ಯೂಬ್ ತಾನೇ ತಗ್ಗಿಸಿ ಕೇಳಿಸುತ್ತದೆ. 2008ರಲ್ಲಿ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ಮಿಗೆ ಅಭಿಮಾನಿಗಳೇ ಬೈದದ್ದು ಈ ಅತಿ ಒತ್ತುವಿಕೆಗೇ.

ಅದಕ್ಕೇ ಮೊದಲು ಮಿಕ್ಸ್ ಸರಿಮಾಡಿ. ಹಾಡುವವರ ಮೈಕಿನಲ್ಲಿ 80 ಹರ್ಟ್ಸ್ ಕೆಳಗಿನ ಗುಂಯ್ ಸದ್ದು ಕತ್ತರಿಸಿ. ಹಾರ್ಮೋನಿಯಂ ಅವರ ದನಿಯನ್ನು ಮುಚ್ಚದಂತೆ ತುಸು ಇಳಿಸಿ. ಆಮೇಲೆ ಲಿಮಿಟರ್ 2-3 ಡಿಬಿ ಮುಟ್ಟಿದರೆ ಸಾಕು, ಪೀಕ್ -1 ಡಿಬಿಯಲ್ಲೇ ನಿಲ್ಲಲಿ.

ಸವಾಯಿ ಗಂಧರ್ವರ ಕುಂದಗೋಳ ನಮ್ಮ ತಾಲೂಕು. ಮೆಲ್ಲಗೆ ಶುರುವಾಗಿ ಏರುವ ಗಾಯನದ ಸೀಮೆ ಇದು. ಆ ಏರಿಳಿತವನ್ನೇ ಸಪಾಟು ಮಾಡಿದರೆ ಉಳಿಯುವುದೇನು? ನೀವೇನಂತೀರಿ?