ನೆಲ ಊರಿನದು, ಗೇಟು ಯಾರದು?

ಹೋದ ತಿಂಗಳು ಒಬ್ಬ ಲೇಬರ್ ಕಂಟ್ರಾಕ್ಟರ್ ನನ್ನ ಪ್ರೆಸ್ಸಿಗೆ ಬಂದ. ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಆಳು ಒದಗಿಸುವವನು. ಸಾವಿರ ಕರಪತ್ರ ಬೇಕಂತೆ. ಹೆಲ್ಪರುಗಳು ಬೇಕಾಗಿದ್ದಾರೆ, ಇಷ್ಟು ಸಂಬಳ, ಉಳಿಯಲು ಶೆಡ್ ಇದೆ, ಎಲ್ಲ ಹಿಂದಿಯಲ್ಲಿ. ಕೆಳಗೆ ಕನ್ನಡದಲ್ಲಿ ಒಂದೇ ಸಾಲು: 'ಸ್ಥಳೀಯರು ವಿಚಾರಿಸಬೇಡಿ.' ಇಡೀ ಹಾಳೆಯಲ್ಲಿ ನಮ್ಮ ಭಾಷೆಗೆ ಸಿಕ್ಕ ಜಾಗ ಅಷ್ಟು!

ಏನಪ್ಪಾ ಇದು ಅಂದೆ.

"ಲೋಕಲ್ ಹುಡುಗ್ರು ಬೇಡ ಕಣಣ್ಣ. ಹಬ್ಬ, ತಿಥಿ, ಕುಯ್ಲು ಅಂತ ರಜಾ ಹಾಕ್ತಾರೆ. ಒಂದು ಮಾತು ಅಂದ್ರೆ ಊರನ್ನೇ ಕರ್ಕೊಂಡು ಬಂದು ಗೇಟ್ ಹತ್ರ ನಿಲ್ತಾರೆ. ಕಂಪನಿ ಅವರದು. ಯಾರನ್ನ ತಗೋಬೇಕು ಅನ್ನೋದು ಅವರಿಷ್ಟ ಅಲ್ವಾ?"

ಆತ ಹೊರರಾಜ್ಯದವನಲ್ಲ. ನಮ್ಮ ಮಾಗಡಿ ಕಡೆಯವನೇ. ನಾನು ಅಚ್ಚು ಹಾಕಲಿಲ್ಲ. ಅವನೇನು ಬಿಡುತ್ತಾನೆಯೇ, ಬೇರೆ ಕಡೆ ಹಾಕಿಸಿಕೊಂಡಿರುತ್ತಾನೆ.

ಯುವ ಮಿತ್ರರೇ, ಈ 'ಅವರಿಷ್ಟ' ಎಂಬ ಮಾತನ್ನು ಸ್ವಲ್ಪ ಬಿಚ್ಚಿ ನೋಡೋಣ. 2024ರ ಜುಲೈ ನೆನಪಿದೆಯೇ? 15ರಂದು ರಾಜ್ಯ ಸಚಿವ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮಪತಿಗಳು ಬೊಬ್ಬೆ ಹಾಕಿದರು. 17ಕ್ಕೆ ಮಸೂದೆಗೆ ತಡೆ. ಎರಡೇ ದಿನದ ಆಯುಸ್ಸು! ಅದರ ನಡುವೆ 16ರಂದು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲಿನಲ್ಲಿ ಇನ್ನೊಂದು ನಾಟಕ. ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ವಯಸ್ಸಾದ ರೈತರನ್ನು ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ. ನಾಡೆಲ್ಲ ಸಿಡಿದೆದ್ದಿತು, ಸರ್ಕಾರ ಮಾಲ್ ಮುಚ್ಚಿಸಿತು. ಸರಿಯಾದ ಕೆಲಸವೇ.

ಆದರೆ ಸ್ವಾಮಿ, ಸಿನಿಮಾ ನೋಡಲು ಬಂದ ರೈತನನ್ನು ತಡೆದರೆ ಮಾಲಿಗೆ ಬೀಗ. ಕೆಲಸ ಕೇಳಲು ಬಂದ ರೈತನ ಮಗನನ್ನು ತಡೆದರೆ ಮಾತ್ರ ಮಾಲೀಕರ ಸ್ವಾತಂತ್ರ್ಯವೇ?

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಬರುವವರನ್ನು ಜಾತಿ, ಧರ್ಮ, ಹುಟ್ಟಿದ ಊರು ನೋಡಿ ತಡೆಯಬಾರದು ಎನ್ನುತ್ತದೆ. ಖಾಸಗಿ ಅಂಗಡಿಗೂ ಅದು ಅನ್ವಯ. 16ನೇ ವಿಧಿ ಕೆಲಸದ ಮಾತಾಡುತ್ತದೆ, ಆದರೆ ಸರ್ಕಾರಿ ಕೆಲಸದ್ದು ಮಾತ್ರ. ಈ ಎರಡರ ಸಂದಿಯಲ್ಲಿ ಕಾರ್ಖಾನೆಯ ಗೇಟು ನಿಂತಿದೆ. ಕಂಟ್ರಾಕ್ಟರನ ಧೈರ್ಯವೆಲ್ಲ ಆ ಸಂದಿಯದು.

'ಕಂಪನಿ ಅವರದು' ಅಂತೆ. ನೆಲ? ಕೈಗಾರಿಕಾ ಪ್ರದೇಶಕ್ಕೆಂದು ರೈತರ ಭೂಮಿ ವಶಪಡಿಸಿಕೊಳ್ಳಲು 1966ರ ಕಾಯ್ದೆ ಇದೆ. ಜಮೀನು ಬಿಡುವುದಿಲ್ಲ ಎಂದರೆ 'ನಿನ್ನಿಷ್ಟ' ಎಂದು ಯಾರೂ ಹೇಳಲಿಲ್ಲ. ನೆಲ ತೆಗೆದುಕೊಳ್ಳುವಾಗ ನಾಡಿನ ಹಿತ, ಕೆಲಸ ಕೊಡುವಾಗ ಖಾಸಗಿ ಇಷ್ಟ. ರಾಜ್ಯದ 2020–25ರ ಕೈಗಾರಿಕಾ ನೀತಿಯಲ್ಲಿ ರಿಯಾಯಿತಿ ಪಡೆದವರು ಶೇ 70, 'ಡಿ' ದರ್ಜೆಯಲ್ಲಿ ಪೂರಾ ಕನ್ನಡಿಗರನ್ನೇ ತೆಗೆದುಕೊಳ್ಳಬೇಕೆಂದು ಬರೆದಿತ್ತು. ಆ ಲೆಕ್ಕವನ್ನು ಗೇಟಿಗೆ ಅಂಟಿಸಿ ಎಂದು ಕೇಳುವ ಹಕ್ಕು ನಮಗಿದೆ.

ಮೀಸಲಾತಿ ಕೇಳುವುದನ್ನು ಬಿಡೋಣ ಎನ್ನುತ್ತಿಲ್ಲ. ಸರೋಜಿನಿ ಮಹಿಷಿ ವರದಿ ನನಗಿಂತ ಸ್ವಲ್ಪವೇ ಚಿಕ್ಕದು, ಅಷ್ಟು ಹಳೆಯ ಬೇಡಿಕೆ. ಆದರೆ ಹರಿಯಾಣದ ಶೇ 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದು ಮಾಡಿದ್ದನ್ನು ಮರೆಯಬಾರದು. ಅದರ ಜೊತೆಗೇ ಇನ್ನೊಂದು ಕಾನೂನು ಕೇಳಬೇಕು: ಊರು, ಭಾಷೆ, ಜಾತಿ ನೋಡಿ ಯಾವ ಮಾಲೀಕನೂ ಯಾರಿಗೂ ಕೆಲಸ ಇಲ್ಲ ಎನ್ನುವಂತಿಲ್ಲ. ಕೆಲಸ ಬರುತ್ತದೋ ಇಲ್ಲವೋ ಪರೀಕ್ಷೆ ಮಾಡಲಿ, ಅದು ಅವನ ಹಕ್ಕು.

ಯಾರಿಗೂ ಎಂದರೆ ಒಡಿಶಾದ ಹುಡುಗನಿಗೂ ಸೇರಿ. ಅವನ ಮೇಲೆ ಕೈ ಮಾಡಬೇಡಿ. ಅವನನ್ನು ಕರೆಸಿರುವುದು ಪ್ರೀತಿಯಿಂದಲ್ಲ. ಗೇಟಿನ ಹೊರಗೆ ಅವನಿಗೆ ಚಿಕ್ಕಪ್ಪ ದೊಡ್ಡಪ್ಪ ಇಲ್ಲ, ಹನ್ನೆರಡು ಗಂಟೆ ದುಡಿಸಿದರೂ ಕೇಳುವವರಿಲ್ಲ.

ಈಗ ಕಹಿ ಮಾತು. ಆ ಕರಪತ್ರ ವಾಪಸು ಕೊಟ್ಟ ಇದೇ ನಾನು ಎಷ್ಟು ವರ್ಷ 'ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಮಾಡಿಕೊಟ್ಟು ದುಡ್ಡು ಎಣಿಸಿಕೊಂಡೆ! ಶುದ್ಧ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಆ ಮನೆ ಕೇಳಲು ಹೋದವನಿಗೆ ಎರಡನೇ ಪ್ರಶ್ನೆ: 'ನಿಮ್ಮದು ಯಾವ ಪೈಕಿ?' ಬಾಗಿಲು ಹಾಕಿಸಿಕೊಂಡು ಹಿಂತಿರುಗಿದವನೂ ಕನ್ನಡಿಗನೇ. ಆಗ ನಮ್ಮ ಯಾವ ಬಾವುಟವೂ ಮೇಲೇಳಲಿಲ್ಲ. 'ನಮ್ಮ ಮನೆ, ನಮ್ಮಿಷ್ಟ' ಎಂದೆವು. ಕಂಟ್ರಾಕ್ಟರ್ ಆ ಪಾಠವನ್ನು ಕಲಿತದ್ದು ನಮ್ಮಿಂದಲೇ ಅಲ್ಲವೇ? ಮನೆಯೊಳಗೆ ಏನು ಅಡುಗೆ ಮಾಡುತ್ತೀರಿ, ಯಾರನ್ನು ಊಟಕ್ಕೆ ಕರೆಯುತ್ತೀರಿ, ನಿಮ್ಮಿಷ್ಟ. ಬೀದಿಗೆ ಬೋರ್ಡು ನೇತುಹಾಕಿ ಬಾಡಿಗೆ ಎಣಿಸಲು ಕೂತ ಮೇಲೆ ಅದು ವ್ಯಾಪಾರ.

ನನ್ನ ಪ್ರೆಸ್ಸಿನಲ್ಲಿ ನಾಲ್ಕು ಜನ. ನಾಲ್ವರೂ ನಮ್ಮ ಪೈಕಿಯವರೇ, ಇಪ್ಪತ್ತು ವರ್ಷದಿಂದ. ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವರಲ್ಲಿ ಒಬ್ಬ ದಸರಾ ಹೊತ್ತಿಗೆ ಬಿಟ್ಟು ಹೋಗುತ್ತಾನೆ. ಆಫ್‌ಸೆಟ್ ಮಿಷನ್ ಓಡಿಸುವವರು ಬೇಕು ಎಂದು ಅಂಗಡಿ ಮುಂದೆ ಬೋರ್ಡು ಹಾಕಿದ್ದೇನೆ. ಪ್ಲೇಟ್ ಕಟ್ಟಿ, ಇಂಕು ಹದ ಮಾಡಿ ತೋರಿಸಿದರೆ ಸಾಕು. ಭಾನುವಾರ ರಜಾ.