ಪರದೆಯನ್ನು ಮೊದಲು ನೋಡಿರಿ

ಲ್ಯಾಪ್‌ಟಾಪ್ ಕೊಳ್ಳಹೊರಟ ವಿದ್ಯಾರ್ಥಿಯು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಪ್ರೊಸೆಸರಿನ ಹೆಸರನ್ನು. ಪರದೆಯನ್ನು ಕುರಿತು ಕೇಳುವವರು ವಿರಳ. ಈ ಕ್ರಮವು ತಲೆಕೆಳಗಾದುದೆಂದು ನಾವು ಭಾವಿಸುತ್ತೇವೆ. ತಂದೆತಾಯಿಗಳು ಕಂತುಕಟ್ಟಿ ಕೊಡಿಸುವ ಈ ಯಂತ್ರದಲ್ಲಿ, ದಿನವೂ ಗಂಟೆಗಟ್ಟಲೆ ಕಣ್ಣು ನೆಡಬೇಕಾದುದು ಪರದೆಯ ಮೇಲೆಯೇ ಅಲ್ಲವೇ?

15.6 ಅಂಗುಲದ ಪರದೆಯಲ್ಲಿ 1366 × 768 ಬಿಂದುಗಳಿದ್ದರೆ ಒಟ್ಟು ಹತ್ತೂವರೆ ಲಕ್ಷದಷ್ಟಾಗುತ್ತವೆ. 1920 × 1080 ಇದ್ದರೆ ಇಪ್ಪತ್ತು ಲಕ್ಷಕ್ಕೂ ಮಿಗಿಲು. ನಮ್ಮ ಒತ್ತಕ್ಷರಗಳು ಸ್ಫುಟವಾಗಿ ಕಾಣಬೇಕಾದರೆ ಎರಡನೆಯದೇ ಲೇಸು. ಐ.ಪಿ.ಎಸ್. ಬಗೆಯ ಪರದೆಯನ್ನು ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದು, ಟಿ.ಎನ್. ಬಗೆಯದರಲ್ಲಿ ಕೆಡುತ್ತದೆ. ಕಾಂತಿಯು 300 ನಿಟ್‌ಗಳಿಗೆ ಕಡಿಮೆಯಾದುದನ್ನು ನಾವಂತೂ ಒಪ್ಪೆವು. ಹಗಲಿನಲ್ಲಿ ಕಿಟಕಿಯ ಬಳಿ ಕುಳಿತು ನೋಡಿದವರಿಗೆ ಕಾರಣವನ್ನು ಹೇಳಬೇಕಾಗಿಲ್ಲ.

ಇನ್ನು ಪ್ರೊಸೆಸರು. ಜಾಹೀರಾತು ಸಾರುವ ಗಿಗಾಹರ್ಟ್ಸ್ ಸಂಖ್ಯೆಯು ಬಹುಮಟ್ಟಿಗೆ ಅಲ್ಪಕಾಲದ ಗರಿಷ್ಠ ವೇಗ. ತೆಳುವಾದ ಪೆಟ್ಟಿಗೆಯಿಂದ ಶಾಖವು ಹೊರಹೋಗದಿದ್ದರೆ, ಪ್ರೊಸೆಸರು ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಆದುದರಿಂದ ಒಳ್ಳೆಯ ಫ್ಯಾನುಳ್ಳ ಮಧ್ಯಮ ದರ್ಜೆಯ ಯಂತ್ರವು, ಗಾಳಿಯಾಡದ ಉತ್ತಮ ದರ್ಜೆಯದನ್ನು ದೀರ್ಘಕಾಲದ ಕೆಲಸದಲ್ಲಿ ಮೀರಿಸುವುದೂ ಉಂಟು.

ಚಲಚ್ಚಿತ್ರ ಸಂಕಲನ, ಯಂತ್ರವಿನ್ಯಾಸಗಳಲ್ಲಿ ತೊಡಗಿದವರ ಮಾತು ಬೇರೆ. ಉಳಿದವರು ಪ್ರೊಸೆಸರಿನಲ್ಲಿ ಒಂದು ಮೆಟ್ಟಲು ಇಳಿದು, ಉಳಿದ ಹಣವನ್ನು ಪರದೆಗೆ ವಿನಿಯೋಗಿಸಲಿ. ಅಂಗಡಿಯಲ್ಲಿ ಬರವಣಿಗೆಯ ಪುಟವೊಂದನ್ನು ತೆರೆಯಿಸಿ, ನೇರದಿಂದಲೂ ಓರೆಯಿಂದಲೂ ನೋಡಿ, ಆಮೇಲೆ ಬೆಲೆ ಕೇಳಿರಿ.